ಓದುಗರೊಡನೆ: ಒಲೆ ಹೊತ್ತಿಸದ ಮನೆಗೆ ಬಂದ ಬುತ್ತಿ

ಕಳೆದ ತಿಂಗಳ ಅಂಕಣದಲ್ಲಿ ಹಾನಗಲ್ಲಿನ ಓದುಗರೊಬ್ಬರು, ಅಮೆರಿಕದಲ್ಲಿ ಇಂದಿಗೂ ಕುದುರೆಗಾಡಿಯಲ್ಲಿ ಓಡಾಡುವ ಜನ ಇದ್ದಾರೆಂಬುದು ನಿಜವೇ ಎಂದು ಕೇಳಿದ್ದರು. ನಿಜವೆಂದು ಹೇಳಿ, ಅಮಿಶ್ ಎಂಬ ಆ ಕ್ರೈಸ್ತ ಪಂಗಡದ ಬಗ್ಗೆ ನಾಲ್ಕು ಮಾತು ಬರೆದು, ಕೊನೆಗೆ 2006ರಲ್ಲಿ ಅವರ ಶಾಲೆಯೊಂದರಲ್ಲಿ ನಡೆದ ಹತ್ಯೆಯನ್ನೂ ಅವರು ಹಂತಕನನ್ನು ಕ್ಷಮಿಸಿದ್ದನ್ನೂ ಒಂದೇ ವಾಕ್ಯದಲ್ಲಿ ಸೇರಿಸಿಬಿಟ್ಟಿದ್ದೆ. ಆ ಒಂದು ವಾಕ್ಯಕ್ಕೆ ಬಂದಷ್ಟು ಪತ್ರಗಳು ಈಚಿನ ವರ್ಷಗಳಲ್ಲಿ ಬೇರೆ ಯಾವ ಉತ್ತರಕ್ಕೂ ಬಂದಿಲ್ಲ. ಅವುಗಳಲ್ಲಿ ಅರ್ಧ ಸಿಟ್ಟಿನವು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಬಿಟ್ಟುಕೊಟ್ಟಿದ್ದೇನೆ.

ನಡೆದದ್ದು ಇಷ್ಟು. ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಜಿಲ್ಲೆಯಲ್ಲಿ ನಿಕಲ್ ಮೈನ್ಸ್ ಎಂಬುದು ಹೊಲಗಳ ನಡುವಿನ ಒಂದು ಚಿಕ್ಕ ಊರು. ಒಂದು ಕಾಲಕ್ಕೆ ಅಲ್ಲಿ ನಿಕಲ್ ಗಣಿ ಇದ್ದುದರಿಂದ ಆ ಹೆಸರು. ಅಲ್ಲಿಯ ಒಂದೇ ಕೋಣೆಯ ಅಮಿಶ್ ಶಾಲೆಗೆ 2006ರ ಅಕ್ಟೋಬರ್ 2ರ ಸೋಮವಾರ ಬೆಳಿಗ್ಗೆ ಮೂವತ್ತೆರಡು ವರ್ಷದ ಒಬ್ಬ ಮನುಷ್ಯ ಬಂದೂಕು ಹಿಡಿದು ನುಗ್ಗಿದನು. ಅವನು ಅಮಿಶನಲ್ಲ, ಆದರೆ ಅಪರಿಚಿತನೂ ಅಲ್ಲ: ಅಮಿಶರ ಕೊಟ್ಟಿಗೆಗಳಿಂದ ಹಾಲು ಸಂಗ್ರಹಿಸುವ ಟ್ಯಾಂಕರಿನ ಚಾಲಕ, ಮೂರು ಮಕ್ಕಳ ತಂದೆ. ಗಂಡುಮಕ್ಕಳನ್ನು ಹೊರಗೆ ಕಳಿಸಿ, ಆರರಿಂದ ಹದಿಮೂರು ವಯಸ್ಸಿನ ಹತ್ತು ಹುಡುಗಿಯರ ಮೇಲೆ ಗುಂಡು ಹಾರಿಸಿ, ಪೊಲೀಸರು ಒಳನುಗ್ಗುವಷ್ಟರಲ್ಲಿ ತನ್ನನ್ನೂ ಕೊಂದುಕೊಂಡನು. ಐವರು ಹುಡುಗಿಯರು ತೀರಿಕೊಂಡರು, ಐವರು ತೀವ್ರ ಗಾಯಗೊಂಡು ಉಳಿದರು. ಒಂಬತ್ತು ವರ್ಷಗಳ ಹಿಂದೆ ತನ್ನ ಮೊದಲ ಹೆಣ್ಣುಕೂಸು ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಸತ್ತದ್ದಕ್ಕೆ ದೇವರ ಮೇಲೆ ಸಿಟ್ಟಿದೆಯೆಂದು ಅವನು ಚೀಟಿ ಬರೆದಿಟ್ಟಿದ್ದನು. ಅದೇ ದಿನ ಸಂಜೆ ಅಮಿಶರು ಅವನ ಹೆಂಡತಿಯನ್ನೂ ತಂದೆತಾಯಿಗಳನ್ನೂ ಕಂಡು, ನಿಮ್ಮ ಮೇಲೆ ನಮಗೆ ಯಾವ ಹಗೆಯೂ ಇಲ್ಲವೆಂದು ಹೇಳಿ ಬಂದರು.

ಇನ್ನು ಪತ್ರಗಳು.

ಪ್ರಶ್ನೆ: ಮಕ್ಕಳ ಹೆಣ ಮನೆಗೆ ಬರುವ ಮೊದಲೇ ‘ಕ್ಷಮಿಸಿದೆವು’ ಎನ್ನುವುದು ಯಾವ ತಂದೆತಾಯಿಗಳಿಗೆ ಸಾಧ್ಯ? ಇದು ನಾಟಕವಿರಬೇಕು, ಇಲ್ಲವೇ ಅವರಿಗೆ ಕರುಳೇ ಇಲ್ಲದಿರಬೇಕು. (ವ್ಯಾಪಾರಿ, ದುರ್ಗದಬೈಲ್, ಹುಬ್ಬಳ್ಳಿ)

ಮೊದಲ ಸಂಜೆ ಹೋದವರು ಮುಖ್ಯವಾಗಿ ನೆರೆಹೊರೆಯವರು ಮತ್ತು ಸಭೆಯ ಹಿರಿಯರು ಎಂಬುದನ್ನು ತಾವು ಗಮನಿಸಬೇಕು. ಹುಡುಗಿಯರ ತಂದೆತಾಯಿಗಳು ಆ ಹೊತ್ತಿಗೆ ಬೇರೆ ಬೇರೆ ಊರುಗಳ ಆಸ್ಪತ್ರೆಗಳಲ್ಲಿದ್ದರು. ಅವರೂ ಅನಂತರ ಅದೇ ಮಾತನ್ನು ಆಡಿದರೆಂಬುದು ನಿಜ. ಆದರೆ ಮೊದಲ ಮಾತು ಊರಿನದು. ಸತ್ತವರ ಮನೆಯವರು ಏನು ಮಾಡಬೇಕೆಂದು ಅವರೇ ಒಂಟಿಯಾಗಿ ಕುಳಿತು ನಿರ್ಧರಿಸುವ ಹೊರೆಯನ್ನು ಆ ಸಮಾಜ ಅವರ ಮೇಲೆ ಹಾಕಲಿಲ್ಲ. ಹೊರಗಿನ ಪತ್ರಿಕೆಗಳು ಇದನ್ನು ಒಬ್ಬೊಬ್ಬ ತಾಯಿಯ ಹೃದಯದಲ್ಲಿ ರಾತ್ರೋರಾತ್ರಿ ನಡೆದ ಪವಾಡವೆಂಬಂತೆ ಬರೆದವು. ಪವಾಡವೆಂದು ಓದಿದವರಿಗೆ ಮರುದಿನ ಅದು ನಾಟಕವಾಗಿ ಕಂಡರೆ ತಪ್ಪು ಓದಿದವರದಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದೊಂದಿದೆ. ಆ ವರ್ಷ ಗಾಂಧಿ ಜಯಂತಿಯ ದಿನವೇ ವಿಜಯದಶಮಿಯೂ ಬಂದಿತ್ತು. ಅಲ್ಲಿ ಬೆಳಗಿನ ಹತ್ತೂವರೆಯೆಂದರೆ ನಮಗೆ ರಾತ್ರಿ ಎಂಟು ಗಂಟೆ. ಅಂದರೆ ಆ ಶಾಲೆಯ ಬಾಗಿಲು ಮುಚ್ಚಿದ ಹೊತ್ತಿನಲ್ಲಿ ನಾವು ಹುಬ್ಬಳ್ಳಿ–ಧಾರವಾಡದ ಓಣಿಗಳಲ್ಲಿ ಮನೆಯಿಂದ ಮನೆಗೆ ಹೋಗಿ ಬನ್ನಿ ಕೊಟ್ಟು ‘ಬಂಗಾರದಂಗ ಇರೂಣು’ ಎನ್ನುತ್ತಿದ್ದೆವು. ವರ್ಷವಿಡೀ ಮಾತು ಬಿಟ್ಟ ದಾಯಾದಿಗೂ ಅಂದು ಬನ್ನಿ ಕೊಡಬೇಕು. ಕೊಡುವಾಗ ಮನಸ್ಸು ತಿಳಿಯಾಗಿರುತ್ತದೆಯೇ? ನನ್ನ ಮಟ್ಟಿಗೆ ಹೇಳುವುದಾದರೆ ಎಷ್ಟೋ ಸಲ ಇರಲಿಲ್ಲ. ಹಬ್ಬ ಕೈಯನ್ನು ಮುಂದೆ ಮಾಡಿಸುತ್ತದೆ, ಮನಸ್ಸು ತನಗೆ ಬೇಕಾದಾಗ ಹಿಂದಿನಿಂದ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಆಸ್ತಿಯ ಜಗಳವನ್ನು ಮಕ್ಕಳ ಕೊಲೆಯೊಂದಿಗೆ ತೂಗುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಕೈ ಮೊದಲು, ಮನಸ್ಸು ಆಮೇಲೆ ಎಂಬ ಕ್ರಮವನ್ನಷ್ಟೇ ತೋರಿಸುತ್ತಿದ್ದೇನೆ. ಅಮಿಶರು ಆ ಸಂಜೆ ಹೇಳಿದ್ದು ಸೇಡು ತೀರಿಸುವುದಿಲ್ಲವೆಂಬ ನಿಶ್ಚಯವನ್ನು. ನೋವು ಹೋಯಿತೆಂದು ಅವರಲ್ಲಿ ಯಾರೂ ಹೇಳಲಿಲ್ಲ. ಕ್ಷಮೆಯನ್ನು ದಿನವೂ ಹೊಸದಾಗಿ ಮಾಡಬೇಕಾಗುತ್ತದೆ, ಕೆಲವು ದಿನ ಅದು ಕೈಗೂಡುವುದಿಲ್ಲ ಎಂದು ಆ ತಂದೆತಾಯಿಗಳೇ ಅನಂತರ ಹೇಳಿಕೊಂಡಿದ್ದಾರೆ, ಮತ್ತು ಅವರಲ್ಲಿ ಹಲವರು ಹೊರಗಿನ ಮನೋಚಿಕಿತ್ಸಕರ ನೆರವನ್ನೂ ಪಡೆದಿದ್ದಾರೆ.

ಆ ನಿಶ್ಚಯ ಅಷ್ಟು ಬೇಗ ಬಾಯಿಗೆ ಬಂದದ್ದಕ್ಕೂ ಕಾರಣವಿದೆ. ‘ನಾವು ಇತರರ ತಪ್ಪನ್ನು ಕ್ಷಮಿಸಿದಂತೆ ನಮ್ಮ ತಪ್ಪನ್ನೂ ಕ್ಷಮಿಸು’ ಎಂಬ ಅರ್ಥದ ಯೇಸುವಿನ ಪ್ರಾರ್ಥನೆಯನ್ನು ಅಮಿಶ್ ಮಕ್ಕಳು ಮಾತು ಕಲಿಯುವಾಗಲೇ ಕಲಿಯುತ್ತಾರೆ. ಕ್ಷಮಿಸದಿದ್ದರೆ ತಮಗೂ ಕ್ಷಮೆಯಿಲ್ಲವೆಂದು ಅವರು ಅದನ್ನು ಅಕ್ಷರಶಃ ನಂಬುತ್ತಾರೆ. ಅವರ ಮನೆಗಳಲ್ಲಿ ಹುತಾತ್ಮರ ಕಥೆಗಳ ದಪ್ಪ ಗ್ರಂಥವೊಂದಿರುತ್ತದೆ. ಅದರಲ್ಲಿ ಡಿರ್ಕ್ ವಿಲೆಮ್ಸ್ ಎಂಬವನ ಕಥೆ ಬರುತ್ತದೆ: 1569ರಲ್ಲಿ ಹಾಲೆಂಡಿನಲ್ಲಿ, ನಂಬಿಕೆಯ ಕಾರಣಕ್ಕೆ ಸೆರೆಯಲ್ಲಿದ್ದ ಅವನು ತಪ್ಪಿಸಿಕೊಂಡು ಮಂಜುಗಟ್ಟಿದ ನೀರಿನ ಮೇಲೆ ಓಡುತ್ತಿರುವಾಗ ಬೆನ್ನಟ್ಟಿದವನ ಕಾಲಡಿಯ ಮಂಜು ಒಡೆಯಿತು. ಡಿರ್ಕ್ ಹಿಂದಿರುಗಿ ಅವನನ್ನು ಮೇಲೆತ್ತಿದನು, ಅದರಿಂದಲೇ ಸಿಕ್ಕಿಬಿದ್ದನು, ಅವನನ್ನು ಸುಟ್ಟುಹಾಕಿದರು. ನಾಲ್ಕು ನೂರು ವರ್ಷ ಈ ಕಥೆಯನ್ನು ಮಕ್ಕಳಿಗೆ ಹೇಳಿಕೊಂಡು ಬಂದ ಜನಕ್ಕೆ 2006ರ ಆ ಸಂಜೆ ಏನು ಹೇಳಬೇಕೆಂದು ಸಭೆ ಕರೆದು ಚರ್ಚಿಸುವ ಅಗತ್ಯ ಬೀಳಲಿಲ್ಲ.

ಪ್ರಶ್ನೆ: ಕ್ಷಮೆಯ ಮಾತು ದೊಡ್ಡವರಿಗಿರಲಿ. ನಾವು ನೇಕಾರರು, ಮನೆಯಲ್ಲಿ ಸಾವಾದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ. ಹೈನಿನ ಮೇಲೆ ಬದುಕುವ ಆ ಮನೆಗಳಲ್ಲಿ ಆ ವಾರ ಕೆಲಸ ಮಾಡಿದವರು ಯಾರು? (ಒಬ್ಬ ಓದುಗರು, ಬೆಟಗೇರಿ)

ಬಂದ ಪತ್ರಗಳಲ್ಲೆಲ್ಲ ಇದೇ ಉತ್ತಮ ಪ್ರಶ್ನೆಯೆಂದು ನನಗೆ ಅನ್ನಿಸಿತು. ಆಕಳು ಯಾರ ಸಾವಿಗೂ ಕಾಯುವುದಿಲ್ಲ, ಬೆಳಿಗ್ಗೆ ಸಂಜೆ ಹಾಲು ಕರೆಯಲೇಬೇಕು.

ಅಮಿಶರಲ್ಲಿ ಸಾವಿನ ಸುದ್ದಿ ಮುಟ್ಟಿದ ಕೂಡಲೇ ನೆರೆಯವರು ಬಂದು ಆ ಮನೆಯ ಕೆಲಸವನ್ನೆಲ್ಲ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಗಂಡಸರು ಹಾಲು ಕರೆಯುವುದು, ಮೇವು ಹಾಕುವುದು, ನಿಂತ ಬೆಳೆ ಕೊಯ್ಯುವುದು; ಹೆಂಗಸರು ಅಡಿಗೆ, ಮನೆ ತೊಳೆಯುವುದು, ನೂರಾರು ಜನರ ಊಟ. ಮನೆಯವರ ಪಾಲಿಗೆ ಉಳಿಯುವುದು ಕುಳಿತುಕೊಳ್ಳುವುದು ಮತ್ತು ಬಂದವರನ್ನು ಮಾತಾಡಿಸುವುದು ಮಾತ್ರ. ಹೆಣ್ಣುಮಗಳ ದೇಹಕ್ಕೆ ಬಿಳಿ ಬಟ್ಟೆ ಉಡಿಸುವುದನ್ನು ಮಾತ್ರ ಮನೆಯ ಹೆಂಗಸರೇ ಮಾಡುವ ವಾಡಿಕೆಯಿದೆ. ಪೆಟ್ಟಿಗೆ ಸಾದಾ ಮರದ್ದು, ಗುಂಡಿಯನ್ನು ಕೈಯಿಂದಲೇ ತೋಡಬೇಕು, ಹೂವಿಲ್ಲ, ಸತ್ತವರ ಗುಣಗಾನವಿಲ್ಲ, ಮೂರನೆಯ ದಿನಕ್ಕೆ ಮಣ್ಣು. ಆ ವಾರ ಗುರುವಾರ ನಾಲ್ವರು ಹುಡುಗಿಯರ ಮಣ್ಣಾಯಿತು, ಅವರಲ್ಲಿ ಇಬ್ಬರು ಒಡಹುಟ್ಟಿದವರು; ಐದನೆಯವಳದು ಶುಕ್ರವಾರ. ಕುದುರೆಗಾಡಿಗಳ ಸಾಲಿಗೆ ಮುಂದಾಗಿ ರಾಜ್ಯ ಪೊಲೀಸರೂ ಕುದುರೆಯ ಮೇಲೆಯೇ ಹೋದರು.

ಹುಬ್ಬಳ್ಳಿಯ ಪತ್ರದವರು ಪವಾಡ ಹುಡುಕಿದ ಜಾಗದಲ್ಲಿ ನನಗೆ ಕಾಣುವುದು ಈ ಮುಯ್ಯಾಳಿನ ಲೆಕ್ಕ. ಕೊಟ್ಟಿಗೆ ಸುಟ್ಟುಹೋದರೆ ನೂರು ಜನ ಸೇರಿ ಒಂದೆರಡು ದಿನಗಳಲ್ಲಿ ಹೊಸದನ್ನು ಎಬ್ಬಿಸಿ ನಿಲ್ಲಿಸುವ, ವಿಮೆ ಕಂಪನಿಗಳನ್ನು ದೂರವಿಟ್ಟು ತಮ್ಮೊಳಗೇ ವಂತಿಗೆ ಎತ್ತಿ ಆಸ್ಪತ್ರೆಯ ಖರ್ಚು ಕಟ್ಟುವ ಜನ ಅವರು. ಯಾರ ಕೊಟ್ಟಿಗೆ ಎಬ್ಬಿಸಲು ಯಾರು ಬಂದಿದ್ದರೆಂಬುದನ್ನು ಬರೆದಿಡದಿದ್ದರೂ ಯಾರೂ ಮರೆಯುವುದಿಲ್ಲ. ಹೀಗೆ ಹೊರೆಯನ್ನು ಹಂಚಿಕೊಂಡು ಹೊತ್ತು ರೂಢಿಯಾದವರು ಸೇಡಿನ ಹೊರೆ ಬಂದಾಗ ಅದನ್ನೂ ಹಂಚಿಕೊಂಡು ಇಳಿಸಿದರು ಎಂಬುದು ನನ್ನ ತಿಳುವಳಿಕೆ. ಒಂಟಿ ಮನುಷ್ಯನಿಗೆ ಇದು ಆಗದ ಕೆಲಸ.

ನಾನು ಚಿಕ್ಕವನಿದ್ದಾಗ ಅಣ್ಣಿಗೇರಿಯ ನಮ್ಮ ಓಣಿಯಲ್ಲಿ ಹೆಣ ಏಳುವವರೆಗೆ ಯಾರ ಮನೆಯಲ್ಲೂ ಒಲೆ ಹೊತ್ತಿಸುತ್ತಿರಲಿಲ್ಲ. ಮಣ್ಣು ಮುಗಿಸಿ ಬಂದವರಿಗೆ ಬೀಗರ ಊರಿನಿಂದ ಬುತ್ತಿ ಬರುತ್ತಿತ್ತು: ಬಿಳಿ ಅರಿವೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಮೇಲೆ ಖಾರವಿಲ್ಲದ ಬೇಳೆ. ಅಜ್ಜ ತೀರಿಕೊಂಡ ದಿನ ಅವ್ವ ಆ ರೊಟ್ಟಿ ಮುರಿದು ಬಾಯಿಗೆ ಇಡಲಾರದೆ ಕುಳಿತಿದ್ದಾಗ, ಅಜ್ಜನೊಂದಿಗೆ ಬದುವಿನ ವ್ಯಾಜ್ಯದಲ್ಲಿ ಕೋರ್ಟಿಗೆ ಅಲೆದಿದ್ದ ಮಗ್ಗುಲ ಹೊಲದವನ ಹೆಂಡತಿ ಬಂದು, ಏನೂ ಮಾತಾಡದೆ ಅವ್ವನ ಕೈಯಿಂದ ತುತ್ತು ತೆಗೆದುಕೊಂಡು ತಾನೇ ಉಣಿಸಿದ್ದನ್ನು ನೋಡಿದ ನೆನಪು ನನಗಿದೆ. ವ್ಯಾಜ್ಯ ಆಮೇಲೂ ಆರು ವರ್ಷ ನಡೆಯಿತು. ಈಗ ಬಡಾವಣೆಗಳಲ್ಲಿ ಬುತ್ತಿಯ ಕೆಲಸವನ್ನು ಕೇಟರಿಂಗಿನವರು ವಹಿಸಿಕೊಂಡಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತುತ್ತು ಉಣಿಸಲು ಯಾರು ಬರಬೇಕೆಂಬುದು ಅವರ ಕರಾರಿನಲ್ಲಿ ಇರುವುದಿಲ್ಲ.

ಹೊರಗಿನವರ ಪಾಲನ್ನೂ ಹೇಳಬೇಕು. ಅಮಿಶರು ತಮ್ಮವರಲ್ಲದವರನ್ನೆಲ್ಲ ‘ಇಂಗ್ಲಿಷರು’ ಎಂದು ಕರೆಯುತ್ತಾರೆ. ಆ ಲೆಕ್ಕದಲ್ಲಿ ಅಣ್ಣಿಗೇರಿಯ ನಾನೂ ಇಂಗ್ಲಿಷನೇ. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿ ಅಮಿಶರೂ ಇಂಗ್ಲಿಷರೂ ಮೊದಲಿನಿಂದ ಜೊತೆಗೇ ಇದ್ದರು. ಆ ವಾರ ಅದರ ಕಟ್ಟಡವೇ ಅಡಿಗೆಮನೆಯೂ ಆಯಿತು, ಸುದ್ದಿಯ ಚಾವಡಿಯೂ ಆಯಿತು. ಲೋಕದ ನಾನಾ ಕಡೆಯಿಂದ ನಲವತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಬಂದಿತು. ಹೊರಗಿನವರ ಹಣ ಮುಟ್ಟುವ ರೂಢಿಯಿಲ್ಲದ ಆ ಜನ ಮೊದಲು ಹಿಂಜರಿದು, ಅನಂತರ ಎರಡೂ ಕಡೆಯವರಿದ್ದ ಒಂದು ಸಮಿತಿ ಮಾಡಿ ಅದನ್ನು ಸ್ವೀಕರಿಸಿದರು. ಗಾಯಗೊಂಡವರ ಚಿಕಿತ್ಸೆಗೆ ಕೊಟ್ಟು, ಒಂದು ಪಾಲನ್ನು ಹಂತಕನ ಹೆಂಡತಿಗೂ ಮೂರು ಮಕ್ಕಳಿಗೂ ತೆಗೆದಿಟ್ಟರು. ದುಡಿಯುವ ಕೈ ಹೋದ ಮನೆಯೆಂದರೆ ಅದೂ ಒಂದು ಎಂಬ ಲೆಕ್ಕ ಅವರದು.

ಪ್ರಶ್ನೆ: ಅಮಿಶರಿಗೂ ನಮ್ಮ ಧಾರವಾಡದ ಬಾಸೆಲ್ ಮಿಷನ್ನಿನವರಿಗೂ ಸಂಬಂಧವಿದೆಯೇ? ಇಬ್ಬರೂ ಸ್ವಿಟ್ಜರ್ಲೆಂಡಿನವರೆಂದು ಓದಿದ್ದೇನೆ. (ಪದವಿ ವಿದ್ಯಾರ್ಥಿನಿ, ಧಾರವಾಡ)

ನೆಲದ ಸಂಬಂಧವಿದೆ, ಪಂಥದ ಸಂಬಂಧವಿಲ್ಲ. 1525ರಲ್ಲಿ ಜೂರಿಕ್‌ನಲ್ಲಿ, ಕೂಸುಗಳಿಗೆ ದೀಕ್ಷಾಸ್ನಾನ ಕೊಡಬಾರದು, ತಿಳುವಳಿಕೆ ಬಂದವರು ತಾವಾಗಿ ಕೇಳಿ ಪಡೆಯಬೇಕು ಎಂದು ಬೇರೆಯಾದ ಅನಾಬ್ಯಾಪ್ಟಿಸ್ಟರ ಒಂದು ಕವಲು ಅಮಿಶರು. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬವನ ಹಿಂದೆ ಹೋದದ್ದರಿಂದ ಆ ಹೆಸರು. ಅನಾಬ್ಯಾಪ್ಟಿಸ್ಟರನ್ನು ಕ್ಯಾಥೊಲಿಕ್ಕರೂ ಪ್ರೊಟೆಸ್ಟೆಂಟರೂ ಸರದಿಯ ಮೇಲೆ ಹಿಂಸಿಸಿದರು, ಅದಕ್ಕೇ ಅವರು ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋದರು. 1815ರಲ್ಲಿ ಹುಟ್ಟಿ 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು ಪ್ರೊಟೆಸ್ಟೆಂಟರು. ಅವರು ಲೋಕಕ್ಕೆ ಶಾಲೆ ಕಟ್ಟಲು ಹೊರಟವರು, ಇವರು ಲೋಕದಿಂದ ಸರಿದು ನಿಂತು ತಮ್ಮ ಮಕ್ಕಳಿಗೂ ಎಂಟನೆಯ ತರಗತಿಯೇ ಸಾಕೆಂದವರು. ಅಮೆರಿಕದ ಸುಪ್ರೀಂ ಕೋರ್ಟು 1972ರಲ್ಲಿ ಅವರ ಆ ಹಕ್ಕನ್ನು ಎತ್ತಿಹಿಡಿಯಿತು.

ಪ್ರಶ್ನೆ: ಆ ಶಾಲೆಯನ್ನು ಕೆಡವಿದರೆಂದು ಓದಿದೆ. ಸ್ಮಾರಕ ಮಾಡಬಹುದಿತ್ತಲ್ಲವೇ? ಮಕ್ಕಳು ನೆನಪಿಡುವುದು ಬೇಡವೇ? (ಪ್ರಾಥಮಿಕ ಶಾಲೆಯ ಶಿಕ್ಷಕಿ, ರಾಣೆಬೆನ್ನೂರು)

ಮಕ್ಕಳು ನೆನಪಿಡುವುದಕ್ಕೆ ಕಟ್ಟಡ ಬೇಕೆಂದು ತಮಗೆ ಅನ್ನಿಸುತ್ತದೆಯೇ? ಹೊರಗೆ ಕಳಿಸಲ್ಪಟ್ಟ ಹುಡುಗರಲ್ಲಿ ಒಳಗೆ ಉಳಿದವರ ಅಣ್ಣತಮ್ಮಂದಿರೂ ಇದ್ದರು.

ಹತ್ತು ದಿನಗಳ ನಂತರ, ಅಕ್ಟೋಬರ್ 12ರ ನಸುಕಿನಲ್ಲಿ, ಬೆಳಕು ಹರಿಯುವ ಮೊದಲೇ ಯಂತ್ರ ತಂದು ಕಟ್ಟಡವನ್ನು ಕೆಡವಿ, ಅವಶೇಷ ಸಾಗಿಸಿ, ನೆಲ ಹಸನು ಮಾಡಿ ಹುಲ್ಲಿನ ಬೀಜ ಎರಚಿದರು. ಹತ್ತಿರದಲ್ಲೇ ಬೇರೊಂದು ಜಾಗದಲ್ಲಿ ಹೊಸ ಶಾಲೆ ಕಟ್ಟಿದರು. ಅದು 2007ರ ಏಪ್ರಿಲ್ 2ರಂದು, ಸರಿಯಾಗಿ ಆರು ತಿಂಗಳಿಗೆ, ತೆರೆಯಿತು. ನ್ಯೂ ಹೋಪ್ ಎಂದು ಅದರ ಹೆಸರು, ಎಂದರೆ ಹೊಸ ಭರವಸೆ. ಅಷ್ಟೊಂದು ಮೌನದ ಜನ ಇಷ್ಟು ಬಾಯಿಬಿಟ್ಟು ಹೆಸರಿಟ್ಟದ್ದು ನನಗೆ ಸ್ವಲ್ಪ ಆಶ್ಚರ್ಯವೇ. ನಡುವಿನ ತಿಂಗಳುಗಳಲ್ಲಿಯೂ ಪಾಠ ನಿಲ್ಲಲಿಲ್ಲ, ತಾತ್ಕಾಲಿಕ ಜಾಗದಲ್ಲಿ ನಡೆದವು, ಮತ್ತು ಗುಣವಾದ ಹುಡುಗಿಯರು ಒಬ್ಬೊಬ್ಬರಾಗಿ ಅಲ್ಲಿಗೆ ಮರಳಿದರು.

ಸ್ಮಾರಕ ಬೇಡವೆನ್ನುವುದರ ಹಿಂದೆ ಅವರ ಇನ್ನೊಂದು ನಂಬಿಕೆಯೂ ಇದೆ: ಯಾರ ಹೆಸರೂ ಊರಿಗಿಂತ ಎತ್ತರವಾಗಬಾರದು. ಆ ಹುಡುಗಿಯರಲ್ಲಿ ಹದಿಮೂರು ವರ್ಷದವಳು, ಉಳಿದವರಿಗೆ ಸಮಯ ಸಿಗಲೆಂದು, ಮೊದಲು ನನ್ನನ್ನೇ ಕೊಲ್ಲು ಎಂದು ಕೇಳಿಕೊಂಡಳೆಂದು ಬದುಕಿ ಉಳಿದವರು ಹೇಳಿದರು. ನಮ್ಮಲ್ಲಾಗಿದ್ದರೆ ಒಂದು ವೃತ್ತಕ್ಕೆ ಅವಳ ಹೆಸರು ಬಂದು, ಎರಡು ಸಂಘಟನೆಗಳು ಮೂರ್ತಿಯ ಎತ್ತರದ ಬಗ್ಗೆ ಜಗಳಾಡುತ್ತಿದ್ದವು. ಅಲ್ಲಿ ಅವಳ ಸಮಾಧಿಕಲ್ಲು ಉಳಿದವರದರಷ್ಟೇ ಚಿಕ್ಕದು.

ಪ್ರಶ್ನೆ: ಅಮಿಶರು ಫೋಟೊ ತೆಗೆಸಿಕೊಳ್ಳುವುದಿಲ್ಲವಂತೆ. ಹಾಗಾದರೆ ಆ ದಿನಗಳಲ್ಲಿ ಪತ್ರಿಕೆಯವರು ಏನು ಮಾಡಿದರು? (ಹವ್ಯಾಸಿ ಛಾಯಾಗ್ರಾಹಕ, ಹಳೇ ಹುಬ್ಬಳ್ಳಿ)

ತೆಗೆದರು, ಮತ್ತೇನು. ಮಣ್ಣಿನ ದಿನ ಆ ಊರಿನ ಮೇಲೆ ವಿಮಾನಗಳ ಹಾರಾಟವನ್ನು ನಿಷೇಧಿಸಿದ್ದರೂ ದೂರದ ಮಸೂರಗಳನ್ನು ನಿಷೇಧಿಸುವುದು ಯಾರಿಂದಾದೀತು?

ಶನಿವಾರ, ಹಂತಕನನ್ನು ಚರ್ಚಿನ ಹಿಂದಿನ ಸ್ಮಶಾನದಲ್ಲಿ, ಅವನ ತೀರಿಹೋದ ಕೂಸಿನ ಪಕ್ಕದಲ್ಲಿ ಹೂಳಿದರು. ಬಂದವರಲ್ಲಿ ಸುಮಾರು ಅರ್ಧದಷ್ಟು ಜನ ಅಮಿಶರು. ಹಿಂದಿನ ದಿನಗಳಲ್ಲಿ ತಮ್ಮ ಮಕ್ಕಳನ್ನು ಹೂತು ಬಂದ ತಂದೆತಾಯಿಗಳೂ ಅವರಲ್ಲಿದ್ದರು. ಕ್ಯಾಮೆರಾಗಳು ದೂರದಲ್ಲಿ ಸಾಲುಗಟ್ಟಿದ್ದನ್ನು ಕಂಡು, ಅಗಲ ಟೋಪಿಯ ಗಂಡಸರೂ ಕುಲಾವಿಯ ಹೆಂಗಸರೂ ಸೇರಿ ಹಂತಕನ ಹೆಂಡತಿ ಮಕ್ಕಳಿಗೂ ಮಸೂರಗಳಿಗೂ ನಡುವೆ ಅರ್ಧಚಂದ್ರಾಕಾರವಾಗಿ ಬಂದು ನಿಂತು, ಕ್ಯಾಮೆರಾಗಳಿಗೆ ಬೆನ್ನು ಕೊಟ್ಟರು. ಚಿತ್ರದಲ್ಲಿ ಮುಖ ಬರುವುದನ್ನು ಅಹಂಕಾರವೆಂದು ಜೀವಮಾನವಿಡೀ ತಪ್ಪಿಸಿಕೊಂಡು ಬಂದವರು, ಬೇರೊಬ್ಬರ ಮುಖ ತಪ್ಪಿಸಲು ತಮ್ಮ ಬೆನ್ನನ್ನು ಚಿತ್ರಕ್ಕೆ ಒಡ್ಡಿದರು. ಕ್ಷಮೆಯ ಬಗ್ಗೆ ಆಡಿದ ಮಾತುಗಳಿಗಿಂತ ಆ ಬೆನ್ನುಗಳು ನನಗೆ ಹೆಚ್ಚು ನೆನಪಿನಲ್ಲಿವೆ.

2019ರ ಮಾರ್ಚ್ 19ರಂದು ನಮ್ಮ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು ಹತ್ತೊಂಬತ್ತು ಜನ ಸತ್ತಾಗ, ಅವಶೇಷಗಳಡಿಯಿಂದ ಜನರನ್ನು ದಿನಗಟ್ಟಲೆ ಹೊರತೆಗೆಯುತ್ತಿದ್ದರು. ನಾನೂ ಅಲ್ಲಿಗೆ ಹೋಗಿದ್ದೆ. ನೀರು ಹಂಚುತ್ತಿದ್ದವರೂ ಇದ್ದರು, ಕೈ ಮೇಲೆತ್ತಿ ಮೊಬೈಲ್ ಹಿಡಿದವರೂ ಇದ್ದರು. ತಮ್ಮ ಹವ್ಯಾಸವನ್ನು ನಾನು ನಿಂದಿಸುತ್ತಿಲ್ಲ. ಮೊಬೈಲ್ ಹಿಡಿದವರ ಸಾಲಿನಲ್ಲಿ ಒಂದು ಗಳಿಗೆ ನಾನೂ ಇದ್ದೆನೆಂದು ಒಪ್ಪಿಕೊಳ್ಳುತ್ತಿದ್ದೇನೆ.

ಪ್ರಶ್ನೆ: ಕ್ಷಮೆಯೆಂದರೆ ಅಪರಾಧಿಯನ್ನು ಶಿಕ್ಷೆಯಿಂದ ಬಿಡಿಸುವುದೇ? ಹಂತಕ ಬದುಕಿದ್ದರೆ ಅವರು ಸಾಕ್ಷಿ ಹೇಳುತ್ತಿರಲಿಲ್ಲವೇ? (ವಕೀಲರು, ಧಾರವಾಡ)

ಎರಡನ್ನೂ ಅವರು ಬೇರೆ ಬೇರೆ ಇಡುತ್ತಾರೆ. ದಂಡಿಸುವುದು ಸರಕಾರದ ಕೆಲಸ, ಹಗೆ ಬಿಡುವುದು ತಮ್ಮ ಕೆಲಸ. ಅಂದು ಶಾಲೆಯ ಶಿಕ್ಷಕಿ ಹೊಲ ದಾಟಿ ಓಡಿಹೋಗಿ ಪಕ್ಕದ ತೋಟದ ಮನೆಯಿಂದ ಪೊಲೀಸರಿಗೇ ಫೋನು ಮಾಡಿಸಿದರು. ಆದರೆ ಮರಣದಂಡನೆಯ ಮಾತು ಬಂದಾಗ ಅವರು ಸುಮ್ಮನಿರುವುದಿಲ್ಲ: ಓಹಾಯೊದಲ್ಲಿ 1957ರಲ್ಲಿ ಯುವ ಅಮಿಶ್ ರೈತನೊಬ್ಬನ ಕೊಲೆಯಾದಾಗ, ಕೊಲೆಗಾರನಿಗೆ ಗಲ್ಲು ಬೇಡವೆಂದು ಅಮಿಶರು ಗವರ್ನರರಿಗೆ ಪತ್ರಗಳನ್ನು ಬರೆದರು, ಶಿಕ್ಷೆ ಜೀವಾವಧಿಗೆ ಇಳಿಯಿತು.

ಇಲ್ಲಿ ಒಂದು ತೊಡಕನ್ನು ಮುಚ್ಚಿಡಲಾರೆ. ಹೊರಗಿನ ಹಂತಕನನ್ನು ಕ್ಷಮಿಸಿದ ಇದೇ ಜನ, ದೀಕ್ಷಾಸ್ನಾನ ಪಡೆದು ವಚನ ಮುರಿದ ತಮ್ಮವನೊಂದಿಗೆ ಒಂದೇ ಮೇಜಿನಲ್ಲಿ ಉಣ್ಣುವುದಿಲ್ಲ. ಬಹಿಷ್ಕಾರ ಎಷ್ಟು ಕಠಿಣವಾಗಿರಬೇಕೆಂಬ ವಾದದಿಂದಲೇ 1693ರಲ್ಲಿ ಅಮಿಶ್ ಪಂಗಡ ಹುಟ್ಟಿತು. ಅವರ ವಿವರಣೆ ಏನೆಂದರೆ, ಹೊರಗಿನವನು ತಮಗೆ ವಚನ ಕೊಟ್ಟಿರಲಿಲ್ಲ. ಒಳಗಿನವನು ಮೊಣಕಾಲೂರಿ ತಪ್ಪೊಪ್ಪಿಕೊಂಡರೆ ಮರಳಿ ಬರಬಹುದು. ವಕೀಲರಾದ ತಮಗೆ ಈ ವಿವರಣೆ ಹಿಡಿಸೀತು. ನನಗೆ ಪೂರ್ತಿ ಹಿಡಿಸಿಲ್ಲ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಕುಡಿದು ಗಾಡಿ ಓಡಿಸಿದವನೊಬ್ಬ ನನ್ನ ಮಗನನ್ನು ಕೊಂದ. ‘ಕ್ಷಮಿಸಿಬಿಡು, ಮನಸ್ಸು ಹಗುರಾಗುತ್ತದೆ’ ಎಂದು ಬಂಧುಗಳು ಹೇಳುತ್ತಲೇ ಇದ್ದಾರೆ. ನಿಮ್ಮ ಉತ್ತರವನ್ನು ಕತ್ತರಿಸಿ ನನಗೆ ತಂದುಕೊಟ್ಟರು. ನಾನು ಆ ಅಮಿಶ್ ತಾಯಂದಿರಿಗಿಂತ ಕೀಳೇ? (ಒಬ್ಬ ತಾಯಿ, ಲಕ್ಷ್ಮೇಶ್ವರ)

ನನ್ನ ಆ ಒಂದು ವಾಕ್ಯ ತಮ್ಮ ಕೈಗೆ ಹಾಗೆ ತಲುಪಿತೆಂದು ತಿಳಿದು ಎರಡು ದಿನ ನನಗೆ ಏನೂ ಬರೆಯಲು ಆಗಲಿಲ್ಲ. ತಮ್ಮ ಕ್ಷಮೆಯನ್ನು ಬೇಡುತ್ತೇನೆ; ಕೊಡುವುದು ಬಿಡುವುದು ತಮಗೆ ಬಿಟ್ಟದ್ದು.

ತಾವು ಯಾರಿಗಿಂತಲೂ ಕೀಳಲ್ಲ. 2006ರಲ್ಲಿಯೇ ಅಮೆರಿಕದ ಕೆಲವು ಅಂಕಣಕಾರರು, ಮಕ್ಕಳನ್ನು ಕೊಂದವನ ಮೇಲೆ ಸಿಟ್ಟಾಗದ ಸಮಾಜದಲ್ಲಿ ತಾವು ಬದುಕಲು ಬಯಸುವುದಿಲ್ಲವೆಂಬ ಅರ್ಥದಲ್ಲಿ ಬರೆದಿದ್ದರು, ಮತ್ತು ಆ ಮಾತಿನಲ್ಲಿ ತೂಕವಿದೆ. ಅಮಿಶರೊಳಗಿನಿಂದಲೇ ಬಂದ ದೂರುಗಳೂ ಇವೆ: ಮನೆಯವರಿಂದಲೇ ದೌರ್ಜನ್ಯಕ್ಕೆ ಗುರಿಯಾದ ಹೆಣ್ಣುಮಕ್ಕಳು, ಅವನು ಸಭೆಯಲ್ಲಿ ತಪ್ಪೊಪ್ಪಿಕೊಂಡನು, ನೀನು ಕ್ಷಮಿಸು, ಇನ್ನು ಆ ಮಾತೆತ್ತಬೇಡ ಎಂಬ ಒತ್ತಡದಲ್ಲಿ ವರ್ಷಗಟ್ಟಲೆ ಬಾಯಿಮುಚ್ಚಿ ಬದುಕಿದ್ದನ್ನು ಈಗೀಗ ಹೇಳುತ್ತಿದ್ದಾರೆ. ಬೇರೆಯವರ ಅನುಕೂಲಕ್ಕಾಗಿ ಹೇಳಿಸಿದ ಕ್ಷಮೆ ಅದು. ಆ ಮಾತಿಗೆ ಬೇರೆ ಹೆಸರು ಬೇಕು.

ತಮ್ಮ ಬಂಧುಗಳಿಗೆ ಕೇಳಬೇಕಾದ ಒಂದು ಮಾತಿದೆ. ಅಮಿಶರ ಊರಿನಲ್ಲಿ ಆ ಮಾತು ಹೇಳುವುದರ ಜೊತೆಗೇ ನೆರೆಯವರು ಆ ಮನೆಯ ಆಕಳು ಕರೆದರು, ಬಟ್ಟೆ ಒಗೆದರು, ಆಸ್ಪತ್ರೆಯ ಖರ್ಚು ಕಟ್ಟಿದರು, ವರ್ಷ ಕಳೆದ ಮೇಲೂ ಬಂದು ಮಾತಾಡಿಸಿ ಹೋದರು. ಹತ್ತಿರದವರನ್ನು ಕಳೆದುಕೊಂಡ ಹೆಂಗಸರು ಅಲ್ಲಿ ಒಂದು ವರ್ಷದವರೆಗೂ ಕಪ್ಪು ಉಡುಪು ಉಡುತ್ತಾರೆ. ಈಕೆಯ ದುಃಖ ಇನ್ನೂ ಮುಗಿದಿಲ್ಲ, ಬಂದು ಮಾತಾಡಿಸಿ ಎಂದು ಆ ಬಟ್ಟೆಯೇ ಊರಿಗೆ ಹೇಳುತ್ತಿರುತ್ತದೆ. ತಮ್ಮ ಮಗನ ಪ್ರಕರಣದ ವಿಚಾರಣೆಯ ದಿನ ತಮ್ಮೊಂದಿಗೆ ನ್ಯಾಯಾಲಯಕ್ಕೆ ಬಂದು ಬೆಂಚಿನ ಮೇಲೆ ಕುಳಿತವರು ಆ ಬಂಧುಗಳಲ್ಲಿ ಎಷ್ಟು ಜನ? ಮಗನ ಹುಟ್ಟುಹಬ್ಬದ ದಿನವನ್ನು ನೆನಪಿಟ್ಟವರು? ಅವರು ತಂದುಕೊಟ್ಟದ್ದು ಪತ್ರಿಕೆಯ ತುಂಡನ್ನು. ಬುತ್ತಿಯನ್ನು ತಂದಿದ್ದರೆ ಅವರ ಮಾತಿಗೆ ಸ್ವಲ್ಪ ಹಕ್ಕಾದರೂ ಇರುತ್ತಿತ್ತು.

ಇನ್ನೊಂದು ಸಂಗತಿಯನ್ನು ಉಪದೇಶವೆಂದಲ್ಲ, ತಾವು ತಾಯಿಯೆಂದು ಹೇಳುತ್ತಿದ್ದೇನೆ. ಉಳಿದ ಹುಡುಗಿಯರಲ್ಲಿ ಎಲ್ಲರಿಗಿಂತ ಚಿಕ್ಕವಳು ಗಾಲಿಕುರ್ಚಿಯಲ್ಲಿಯೇ ಉಳಿದಳು. ಮಾತಿರಲಿಲ್ಲ, ಬಾಯಿಂದ ಊಟವಿರಲಿಲ್ಲ. ಹಂತಕನ ತಾಯಿ ಆ ಮನೆಯವರನ್ನು ಕೇಳಿ, ಒಪ್ಪಿಗೆ ಪಡೆದು, ವರ್ಷಗಟ್ಟಲೆ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಆ ಹುಡುಗಿಗೆ ಸ್ನಾನ ಮಾಡಿಸಿ, ಕಥೆ ಓದಿ ಹೇಳಿ ಬರುತ್ತಿದ್ದರು. 2017ರಲ್ಲಿ ಆ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು, 2024ರಲ್ಲಿ ಆ ಹುಡುಗಿಯೂ ತೀರಿಕೊಂಡಳು. ಅಲ್ಲಿ ಹೊಸಿಲು ದಾಟಿ ಮೊದಲು ಬರಬೇಕಾದವರು ಬಂದರು. ತಮ್ಮ ಮನೆಗೆ ಆ ಚಾಲಕನ ಕಡೆಯವರು ಒಮ್ಮೆಯಾದರೂ ಬಂದಿದ್ದಾರೆಯೇ ಎಂಬುದನ್ನು ತಾವು ಬರೆದಿಲ್ಲ. ಬಂದಿಲ್ಲವಾದರೆ ತಮ್ಮನ್ನು ಕೇಳುವ ಮೊದಲು ಅವರನ್ನು ಕೇಳಬೇಕಾದ್ದು ಬಹಳವಿದೆ.

ಸಂಪಾದಕರ ಮೂಲಕ ತಮ್ಮ ವಿಳಾಸ ನನ್ನಲ್ಲಿದೆ. ಮುಂದಿನ ತಿಂಗಳು ಗದಗಿಗೆ ಬರುವವನಿದ್ದೇನೆ. ತಮ್ಮ ಅಭ್ಯಂತರವಿಲ್ಲದಿದ್ದರೆ ನಾನೂ ನನ್ನ ಮನೆಯವರೂ ಬಂದು ಮಾತಾಡಿಸಿಕೊಂಡು ಹೋಗುತ್ತೇವೆ. ಕ್ಷಮೆಯ ಮಾತನ್ನು ನಾವು ಎತ್ತುವುದಿಲ್ಲ.

ಪ್ರಶ್ನೆ: ಮಗ ಫಿಲಡೆಲ್ಫಿಯಾದಲ್ಲಿದ್ದಾನೆ, ಈ ಬೇಸಿಗೆಗೆ ಹೋಗುತ್ತಿದ್ದೇವೆ. ಆ ಸ್ಥಳವನ್ನು ನೋಡಬಹುದೇ? (ನಿವೃತ್ತ ಅಧಿಕಾರಿ, ನವನಗರ, ಹುಬ್ಬಳ್ಳಿ)

ನೋಡಲು ಅಲ್ಲಿ ಏನೂ ಇಲ್ಲ. ಮಗಳು ಆ ಕಡೆ ಇದ್ದಾಗ ನಾನು ಒಮ್ಮೆ ಕಾರಿನಲ್ಲಿ ಆ ದಾರಿಯಲ್ಲಿ ಹಾದುಹೋಗಿದ್ದೇನೆ: ಬೇಲಿ, ಹುಲ್ಲುಗಾವಲು, ಅಷ್ಟೆ. ಅಳಿಯ ಕಾರು ನಿಲ್ಲಿಸಲೇ ಎಂದು ಕೇಳಿದ, ಬೇಡವೆಂದೆ. ಸ್ವಲ್ಪ ಮುಂದೆ ರಸ್ತೆಯ ಬದಿಗೆ ಒಂದು ಮೇಜಿನ ಮೇಲೆ ಟೊಮೆಟೊ ಮತ್ತು ಮೆಕ್ಕೆತೆನೆ ಇಟ್ಟು, ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿದ್ದರು, ಮಾರುವವರು ಯಾರೂ ಇರಲಿಲ್ಲ. ತೆನೆ ತೆಗೆದುಕೊಂಡು ಡಬ್ಬಿಗೆ ಹಣ ಹಾಕಿ ಬಂದೆವು. ತಾವೂ ಹಾಗೆಯೇ ಮಾಡಿ, ಚಿಲ್ಲರೆ ಜೊತೆಗಿರಲಿ, ಆ ಘಟನೆಯ ಬಗ್ಗೆ ಯಾರನ್ನೂ ಕೇಳಬೇಡಿ. ಮತ್ತು ಭಾನುವಾರ ಹೋಗಬೇಡಿ, ಅಂದು ಅವರು ಏನನ್ನೂ ಮಾರುವುದಿಲ್ಲ.